ಸ್ಪ್ಯಾನರ್ ಹಿಡಿದ ಕತ್ತೆ



ಕಳೆದ ತಿಂಗಳು ನಮ್ಮ ಫೋನ್-ಇನ್‌ಗೆ ಒಂದು ಕರೆ ಬಂತು. ಹಾಡು ಕೇಳಲೆಂದು ಲೈನಿಗೆ ಬಂದವರು ಹಾಡು ಬಿಟ್ಟು ಬೇರೇನೋ ಕೇಳಿದರು. ಮಕರಪುರ ಜಿಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹಾಸನ ಕಡೆಯವರು. ಪ್ಯಾಂಟಿಗೆ ಜಿಪ್ಪು ಹಾಕಿಸಲು ಟೈಲರ್ ಅಂಗಡಿಗೆ ಹೋಗಿದ್ದರಂತೆ. ಅಲ್ಲಿ ಏರ್‌ಫೋರ್ಸಿನ ಹುಡುಗನೊಬ್ಬ ಅಂಗೈ ಅಗಲದ ಬಟ್ಟೆಯ ಬಿಲ್ಲೆಗಳನ್ನು ಎಣಿಸಿಕೊಳ್ಳುತ್ತ ನಿಂತಿದ್ದನಂತೆ. ಬಿಲ್ಲೆಯ ಮೇಲೆ ಕಸೂತಿಯಲ್ಲಿ ಒಂದು ಕತ್ತೆ. ಕತ್ತೆಯ ಮುಂಗಾಲಲ್ಲಿ ಸ್ಪ್ಯಾನರ್. ಕೆಳಗೆ ಹಿಂದಿಯಲ್ಲಿ, ‘ಹೋ ಜಾಯೇಗಾ ಸರ್’. ಆಗುತ್ತೆ ಬಿಡಿ ಸಾರ್!

“ಇದೇನಪ್ಪಾ, ಯೂನಿಫಾರ್ಮಿಗಾ?” ಅಂದರೆ, “ಇಲ್ಲ ಅಂಕಲ್, ಬ್ಯಾಗಿಗೆ” ಅಂತ ನಕ್ಕನಂತೆ ಹುಡುಗ. ನಮ್ಮ ಕೇಳುಗರ ಪ್ರಶ್ನೆ ಇಷ್ಟೇ. “ಸಾರ್, ಮಿಲಿಟರಿಯಲ್ಲಿ ಇಂಥ ತಮಾಷೆಗೆಲ್ಲ ಬಿಡ್ತಾರಾ?”

ಅವತ್ತು ಟೈಮ್ ಇರಲಿಲ್ಲ, ಎರಡು ಮಾತು ಹೇಳಿ ಹಾಡು ಹಾಕಿಬಿಟ್ಟೆ. ಆದರೆ ಈ ಬಿಲ್ಲೆಗಳ ವಿಷಯದಲ್ಲಿ ನನಗೊಂದು ಹಳೇ ಬಾಕಿ ಇದೆ. ಮೈಕಿನ ಮುಂದೆ ಮಾಡಿದ ಒಂದು ಎಡವಟ್ಟು. ಅದನ್ನೂ ಸೇರಿಸಿಯೇ ಇವತ್ತು ಬರೆಯುತ್ತೇನೆ.

ಮೊದಲು ಮಕರಪುರದ ಮಾತು. ವಡೋದರಾದಲ್ಲಿ ಹೊಸದಾಗಿ ನೆಲೆಸಿದವರಿಗೆ ಮಕರಪುರ ಅಂದರೆ ಜಿಐಡಿಸಿ, ಬಸ್ ಡಿಪೋ, ಮೇ ತಿಂಗಳ ಕೆಂಡದಂಥ ಬಿಸಿಲು. ಅಲ್ಲೊಂದು ಅರಮನೆ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. 1870ರಲ್ಲಿ ಮಹಾರಾಜ ಖಂಡೇರಾವ್ ಗಾಯಕವಾಡರು ಬೇಸಿಗೆಗೆಂದೂ ಬೇಟೆಗೆಂದೂ ಇಟಲಿಯ ಶೈಲಿಯಲ್ಲಿ ಕಟ್ಟಿಸಿದ್ದು. ಈಗ ಅದು ಭಾರತೀಯ ವಾಯುಪಡೆಯ ಕೈಯಲ್ಲಿದೆ, 17ನೇ ಟೆಟ್ರಾ ಸ್ಕೂಲ್ ಎಂಬ ಹೆಸರಿನ ತಾಂತ್ರಿಕ ತರಬೇತಿ ಶಾಲೆ. ಒಂದೊಂದು ಬಗೆಯ ಯಂತ್ರವನ್ನು ಬಿಚ್ಚುವುದು, ಜೋಡಿಸುವುದು, ನಡುರಾತ್ರಿ ಕೆಟ್ಟರೆ ಎಬ್ಬಿಸಿ ನಿಲ್ಲಿಸುವುದು, ಇದು ಅಲ್ಲಿಯ ಪಾಠ. ರಾಜರು ಬೇಟೆ ಮುಗಿಸಿ ಬಂದು ಮೈಚಾಚಿದ ಜಾಗದಲ್ಲಿ ಇವತ್ತು ಇಪ್ಪತ್ತರ ಹುಡುಗರು ನೋಟ್ಸ್ ಬರೆಯುತ್ತಾರೆ. ಹಾಗಾಗಿ ಮಕರಪುರದ ಟೈಲರ್ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದ ಕತ್ತೆ ಕಂಡರೆ ಆಶ್ಚರ್ಯಪಡಬೇಕಾದ್ದೇನಿಲ್ಲ. ವಿಮಾನ ಹಾರಿಸುವವನ ಫೋಟೋ ಪೇಪರಿನಲ್ಲಿ ಬರುತ್ತದೆ. ಅದರ ನಟ್ಟು ಬಿಗಿದವನು ತನ್ನ ಚಿತ್ರವನ್ನು ತಾನೇ ಹೊಲಿಸಿಕೊಳ್ಳಬೇಕು!

ಇಂಥ ಬಿಲ್ಲೆಗೆ ಇಂಗ್ಲಿಷಿನಲ್ಲಿ ‘ಮೊರಾಲ್ ಪ್ಯಾಚ್’ ಅಂತಾರೆ. ನಾನು ಬಿ.ಎ.ನಲ್ಲಿ ಕನ್ನಡ ಓದಿದವನು, ಶಬ್ದ ಕಂಡರೆ ಸುಮ್ಮನೆ ಬಿಡುವ ಜಾತಿಯಲ್ಲ. ನಮ್ಮ ಪೇಪರುಗಳು ಈ ಮೊರಾಲ್ ಅನ್ನುವುದನ್ನು ‘ನೈತಿಕ ಸ್ಥೈರ್ಯ’ ಎಂದು ಬರೆಯುತ್ತವೆ. ಆದರೆ ಇದರಲ್ಲಿ ನೀತಿ ಎಲ್ಲಿಂದ ಬಂತು? ಕಬಡ್ಡಿ ಆಟದಲ್ಲಿ ಏಳಕ್ಕೆ ಆರು ಜನ ಔಟಾಗಿ ಉಳಿದ ಒಬ್ಬ ತೊಡೆ ತಟ್ಟುತ್ತಾನಲ್ಲ, ಅದು ಇದು. ನಮ್ಮ ಅಜ್ಜಂದಿರು ಕೆಚ್ಚು ಅನ್ನುತ್ತಿದ್ದರು, ಹುರುಪು ಅನ್ನುತ್ತಿದ್ದರು. ಹುರುಪಿನ ಬಿಲ್ಲೆ ಅಂದರೆ ಚೆಂದವೇ, ಆದರೆ ನನ್ನೊಬ್ಬನಿಂದ ಭಾಷೆ ಬದಲಾಗುವುದಿಲ್ಲ. ಪ್ಯಾಚು ಅಂತಲೇ ಕರೆಯೋಣ.

ಸಮವಸ್ತ್ರದಲ್ಲಿ ಎಲ್ಲವೂ ಲೆಕ್ಕದ್ದು. ಹೆಸರಿನ ಪಟ್ಟಿ ಎಲ್ಲಿ, ರ‍್ಯಾಂಕಿನ ಗುರುತು ಎಲ್ಲಿ, ಕೂದಲು ಎಷ್ಟು, ಮೀಸೆ ಎಷ್ಟು, ಎಲ್ಲಕ್ಕೂ ನಿಯಮ. ಸ್ಕ್ವಾಡ್ರನ್ನಿನ ಅಧಿಕೃತ ಲಾಂಛನ ಬೇರೆ, ಅದಕ್ಕೆ ಮೇಲಿನವರ ಮಂಜೂರಾತಿ ಬೇಕು, ಅದರಲ್ಲಿ ಧ್ಯೇಯವಾಕ್ಯ ಇರುತ್ತದೆ. ವಾಯುಪಡೆಯ ಧ್ಯೇಯವಾಕ್ಯವನ್ನಂತೂ ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಿಂದ ಆರಿಸಿದ್ದು. ಇಷ್ಟೆಲ್ಲ ಗಾಂಭೀರ್ಯದ ನಡುವೆ ಮೂರು ನಾಲ್ಕು ಇಂಚಿನ ಒಂದು ಜಾಗದಲ್ಲಿ ಮಾತ್ರ ಯಾರೋ ಒಬ್ಬ ಕಾರ್ಪೊರಲ್ಲು, ಯಾರೋ ಒಬ್ಬ ಪೈಲಟ್ಟು ತನ್ನ ಸ್ವಂತ ಮಾತು ಹೇಳುತ್ತಾನೆ. ಅದೂ ನಗಿಸುತ್ತ. ಮೋರಾಲ್ ಪ್ಯಾಚಿನ ಗುಟ್ಟು ಇದೇ.

ನಮ್ಮ ಊರಿನ ಲಾರಿಗಳನ್ನು ನೆನೆಸಿಕೊಳ್ಳಿ. ಪುಣೆ-ಬೆಂಗಳೂರು ಹೈವೇಯಲ್ಲಿ ಮುಂದೆ ಹೋಗುವ ಲಾರಿಯ ಬೆನ್ನಿನಲ್ಲಿ ಆರ್‌ಟಿಓ ಹೇಳಿದ ನಂಬರು ಇರುತ್ತದೆ, ಪರ್ಮಿಟ್ಟಿನ ಅಕ್ಷರ ಇರುತ್ತದೆ. ಅದರ ಪಕ್ಕದಲ್ಲೇ ಡ್ರೈವರಣ್ಣ ಪೇಂಟರಿಗೆ ಹೇಳಿ ಬರೆಸಿದ ಒಂದು ಸಾಲು. ಹೊಟ್ಟೆಕಿಚ್ಚಿನವರಿಗೆ ಒಂದು, ಮೋಸ ಮಾಡಿದ ಹುಡುಗಿಗೆ ಒಂದು, ಹಿಂದೆ ಹಾರ್ನ್ ಬಾರಿಸುವವನಿಗೆ ಒಂದು. ಪ್ಯಾಚು ಅಂದರೆ ಸಿಪಾಯಿಯ ತೋಳಿನ ಮೇಲಿನ ಲಾರಿ ಬರಹ ಅಂದುಕೊಳ್ಳಿ, ಅರ್ಧ ಅರ್ಥವಾದಂತೆಯೇ.

ಇನ್ನರ್ಧ ಹಳೆಯ ಕಥೆ. ಕುರುಕ್ಷೇತ್ರದಲ್ಲಿ ಒಬ್ಬೊಬ್ಬ ವೀರನಿಗೂ ಒಂದೊಂದು ಬಾವುಟದ ಗುರುತು. ಅರ್ಜುನನಿಗೆ ಕಪಿ, ಭೀಷ್ಮನಿಗೆ ತಾಳೆಮರ, ದುರ್ಯೋಧನನಿಗೆ ಹಾವು. ರನ್ನನ ದುರ್ಯೋಧನ ‘ಉರಗಪತಾಕ’ ಎಂದು ಡಿಗ್ರಿ ಪರೀಕ್ಷೆಗೆ ಓದಿದವರಿಗೆ ನೆನಪಿರಬೇಕು. ಬಾದಾಮಿಯ ಚಾಲುಕ್ಯರಿಗೆ ವರಾಹ. ಆ ಹಂದಿಯೇ ನಾಣ್ಯದ ಮೇಲೆ ಕೂತು ‘ವರಹ’ ಅನ್ನುವ ದುಡ್ಡಾಯಿತು. ಇವೆಲ್ಲ ಲಾಂಛನ ಸರಿ, ನಗು ಎಲ್ಲಿ? ಅದು ಯಕ್ಷಗಾನದಲ್ಲಿದೆ. ರಣರಂಗಕ್ಕೆ ಹೊರಟ ರಾಜ ಪಾತ್ರ ಆರ್ಭಟಿಸುವಾಗ ಪಕ್ಕದಲ್ಲಿ ಹಾಸ್ಯಗಾರ ನಿಂತು, “ಒಡೆಯಾ, ಊಟ ಮುಗಿಸಿಕೊಂಡೇ ಹೊರಡೋಣವೋ?” ಅನ್ನುವ ಧಾಟಿಯಲ್ಲಿ ಒಂದು ಮಾತು ಬಿಡುತ್ತಾನೆ. ಸಭೆ ಗೊಳ್ಳೆಂದು ನಗುತ್ತದೆ. ಯುದ್ಧವೇನೂ ನಿಲ್ಲುವುದಿಲ್ಲ. ಆದರೆ ಉಸಿರು ಬಿಗಿಹಿಡಿದು ಕೂತವರು ಒಮ್ಮೆ ಉಸಿರು ಬಿಡುತ್ತಾರೆ.

ಈಗಿನ ಪ್ಯಾಚಿನ ವಂಶಾವಳಿ ಹುಡುಕಿದರೆ ಒಂದನೇ ಮಹಾಯುದ್ಧಕ್ಕೆ ಹೋಗಬೇಕು. 1918ರಲ್ಲಿ ಅಮೆರಿಕದ 81ನೇ ಡಿವಿಷನ್ನಿನವರು ತೋಳಿಗೆ ಒಂದು ಕಾಡುಬೆಕ್ಕಿನ ಚಿತ್ರ ಹೊಲಿದುಕೊಂಡರು. ಉಳಿದವರು, ಅವರಿಗೇನು ವಿಶೇಷ ಎಂದು ತಕರಾರು ತೆಗೆದರು. ಪಂಚಾಯಿತಿ ಜನರಲ್ ಪರ್ಶಿಂಗ್‌ವರೆಗೆ ಹೋಯಿತು. ಬೆಕ್ಕು ತೆಗೆಸುವ ಬದಲು ಆತ, ನೀವೂ ಒಂದೊಂದು ಮಾಡಿಕೊಳ್ಳಿ ಅಂದುಬಿಟ್ಟ. ಎರಡನೇ ಮಹಾಯುದ್ಧದಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋದವರು ಒಂದು ಪೈಸೆ ತೆಗೆದುಕೊಳ್ಳದೆ ಸುಮಾರು 1,200 ಲಾಂಛನ ಬರೆದುಕೊಟ್ಟರು. ಎಲ್ಲರಿಗಿಂತ ಹೆಚ್ಚು ಕೇಳಿದ್ದು ಡೊನಾಲ್ಡ್ ಡಕ್ಕನ್ನು! ಮಿಕ್ಕಿ ಮೌಸು ಅಲ್ಲ ನೋಡಿ. ಸದಾ ಸಿಟ್ಟು ಮಾಡಿಕೊಂಡು, ಸದಾ ಬಿದ್ದು, ಮತ್ತೆ ಎದ್ದು ಗೊಣಗುವ ಬಾತುಕೋಳಿ. ಸಿಪಾಯಿಗೆ ಅದರಲ್ಲಿ ತನ್ನ ಮುಖ ಕಂಡಿರಬೇಕು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಈ ನಗು ಸ್ವಲ್ಪ ಕಹಿಯಾಯಿತು. ಅಲ್ಲಿಯ ಟಾಂಕಿನ್ ಕೊಲ್ಲಿಯಲ್ಲಿ ತಿಂಗಳುಗಟ್ಟಲೆ ನಿಂತ ಅಮೆರಿಕದ ನೌಕಾಪಡೆಯವರು ‘ಟಾಂಕಿನ್ ಗಲ್ಫ್ ಯಾಟ್ ಕ್ಲಬ್’ ಎಂಬ ಪ್ಯಾಚು ಹಾಕಿಕೊಂಡರು. ಯಾಟ್ ಕ್ಲಬ್ ಅಂದರೆ ಶ್ರೀಮಂತರು ಬಿಳಿ ಚಡ್ಡಿ ಹಾಕಿಕೊಂಡು ದೋಣಿ ವಿಹಾರ ಮಾಡುವ ಸಂಘ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮೇ ತಿಂಗಳಲ್ಲಿ ಶೀಟ್ ಮೇಲ್ಛಾವಣಿಯ ಕೆಳಗೆ ಎರಡನೇ ಶಿಫ್ಟ್ ಮಾಡುವವರು ‘ಮಕರಪುರ ಗಿರಿಧಾಮ ಸಂಘ’ ಅಂತ ಬೋರ್ಡು ಹಾಕಿಕೊಂಡ ಹಾಗೆ. ಅದರಲ್ಲಿ ಬೈಗುಳ ಇಲ್ಲ, ದೂರಿನ ಅರ್ಜಿ ಇಲ್ಲ, ಶಿಸ್ತು ಮುರಿದ ಮಾತೂ ಇಲ್ಲ. ಆದರೆ ಹೇಳಬೇಕಾದ್ದೆಲ್ಲ ಹೇಳಿ ಆಯಿತು.

ಅಮೆರಿಕದ ಬಿ-2 ಎಂಬ ರಹಸ್ಯ ಬಾಂಬರಿನ ಪರೀಕ್ಷೆ ಮಾಡುವವರ ಒಂದು ಪ್ಯಾಚಿನಲ್ಲಿ ಬೇರೆ ಗ್ರಹದ ಜೀವಿಯೊಂದು ಆ ವಿಮಾನವನ್ನೇ ತಿನ್ನಲು ಬಾಯಿಗೆ ಹಿಡಿದಿದೆ. ಕೆಳಗೆ ಭಾರೀ ಗಂಭೀರವಾಗಿ ಲ್ಯಾಟಿನ್ ಭಾಷೆಯಲ್ಲಿ ಒಂದು ವಾಕ್ಯ. ಅರ್ಥ ಏನು ಗೊತ್ತೇ? ‘ಕೋಳಿಯ ಹಾಗೇ ರುಚಿ.’ ಸಂಸ್ಕೃತದಲ್ಲಿ ಧ್ಯೇಯವಾಕ್ಯ ಇಟ್ಟುಕೊಳ್ಳುವ ನಮಗೆ ಆ ತಮಾಷೆ ಬೇಗ ಹತ್ತುತ್ತದೆ.

ಇದು ಇಷ್ಟು ಹಬ್ಬಲು ಒಂದು ಸಣ್ಣ ವಸ್ತು ಕಾರಣ, ವೆಲ್ಕ್ರೋ. ನೀವು ಹೊಲದ ಬದುವಿನ ಮೇಲೆ ನಡೆದವರಾದರೆ ಪಂಚೆಯ ಅಂಚಿಗೆ ಉತ್ತರಾಣಿ ಕಾಳು ಅಂಟಿದ್ದು ಗೊತ್ತಿರುತ್ತದೆ. ಕೀಳುವುದೇ ಒಂದು ಕೆಲಸ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಲ್ ಎಂಬ ಎಂಜಿನಿಯರ್ ತನ್ನ ನಾಯಿಯ ಮೈಗೆ ಅಂಟಿದ ಅಂಥದೇ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಪುಟ್ಟ ಪುಟ್ಟ ಕೊಕ್ಕೆಗಳು. ಅದನ್ನೇ ಬಟ್ಟೆಯಲ್ಲಿ ಮಾಡಿದ. ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಕುಣಿಕೆ. ಹಿಂದೆ ಪ್ಯಾಚನ್ನು ದಾರದಿಂದ ಹೊಲಿಯಬೇಕಿತ್ತು, ಸಾಹೇಬರು ಬಂದರೆ ಬಿಚ್ಚಲು ಆಗುತ್ತಿರಲಿಲ್ಲ. ವೆಲ್ಕ್ರೋ ಬಂದ ಮೇಲೆ ಪರ‍್ರ್ ಅಂತ ಕಿತ್ತು ಜೇಬಿಗೆ, ಸಾಹೇಬರು ಹೋದ ಮೇಲೆ ಮತ್ತೆ ತೋಳಿಗೆ. ಅಮೆರಿಕದ ವಾಯುಪಡೆಯಲ್ಲಂತೂ ಶುಕ್ರವಾರ ತಮಾಷೆ ಪ್ಯಾಚು ಹಾಕುವ ರೂಢಿಯೇ ಬೆಳೆಯಿತು. ನಮ್ಮ ಐಟಿ ಹುಡುಗರು ಶುಕ್ರವಾರ ಜೀನ್ಸ್ ಹಾಕುತ್ತಾರಲ್ಲ, ಹಾಗೆ.

ಮಾಡುವ ವಿಧಾನವೂ ಈಗ ಸುಲಭ. ಗಟ್ಟಿ ಬಟ್ಟೆಯ ಮೇಲೆ ಕಂಪ್ಯೂಟರ್ ಕಸೂತಿ ಯಂತ್ರ ಚಿತ್ರ ಹೆಣೆಯುತ್ತದೆ. ಅಂಚಿಗೆ ದಪ್ಪ ದಾರದ ಕಟ್ಟು, ಹಿಂದೆ ವೆಲ್ಕ್ರೋ, ಮುಗಿಯಿತು. ಕಸೂತಿ ಯಂತ್ರಗಳಿಗೆ ನಮ್ಮ ಪಕ್ಕದ ಸೂರತ್ತಿನಲ್ಲಿ ಬರವೇ? ಆದರೆ ಕೈಯಿಂದ ಮಾಡುವ ಜರಿಯ ಬ್ಯಾಡ್ಜಿನ ಲೋಕ ಬೇರೆಯೇ. ಬನಾರಸಿನ ಲಲ್ಲಾಪುರದ ಕುಶಲಿಗರು ವಿದೇಶಿ ಸೈನ್ಯಗಳಿಗೂ ಚಿನ್ನದ ಬಣ್ಣದ ಲಾಂಛನ ಹೆಣೆಯುತ್ತಾರೆ. ಗಡಿಯಾಚೆ ಪಾಕಿಸ್ತಾನದ ಸಿಯಾಲ್‌ಕೋಟಿನಲ್ಲೂ ಅದೇ ಕಸುಬು.

ನಮ್ಮ ವಡೋದರಾ ವಾಯುನೆಲೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಇಲ್ಲಿನ 11ನೇ ಸ್ಕ್ವಾಡ್ರನ್ನಿನ ಗುರುತು ಘೇಂಡಾಮೃಗ. ಗಿಡುಗ, ಹುಲಿ, ನಾಗರಹಾವು ಎಲ್ಲ ಫೈಟರ್ ವಿಮಾನದವರ ಪಾಲು, ಸಾಮಾನು ಹೊರುವ ಆವ್ರೋ ವಿಮಾನದವರಿಗೆ ಘೇಂಡಾಮೃಗ! ಇದು ಅಧಿಕೃತ ಲಾಂಛನವೇ, ತಮಾಷೆ ಪ್ಯಾಚಲ್ಲ. ಆದರೂ ನೋಡಿದಾಗಲೆಲ್ಲ ನನಗೆ ಒಂದು ನಗು ಬರುತ್ತದೆ. ದಪ್ಪ ಚರ್ಮ, ಗಡಿಬಿಡಿ ಇಲ್ಲ, ಹೊರಟರೆ ಮಾತ್ರ ಅಡ್ಡ ನಿಲ್ಲಬೇಡಿ. ಕಾನ್ಪುರದಲ್ಲಿ ಎಚ್‌ಎಎಲ್ ಜೋಡಿಸಿದ ಮೊದಲ ಆವ್ರೋ ಹಾರಿದ್ದು 1961ರಲ್ಲಿ. 2023ರ ಸೆಪ್ಟೆಂಬರಿನಲ್ಲಿ ಸ್ಪೇನಿನಿಂದ ಮೊದಲ ಸಿ-295 ಬಂದು ಇಳಿದದ್ದು ವಡೋದರಾದಲ್ಲೇ, ಇದೇ ಘೇಂಡಾಮೃಗದವರ ಮನೆಗೆ. ಒಟ್ಟು 56ರಲ್ಲಿ 40 ವಿಮಾನ ಇಲ್ಲೇ ತಯಾರಾಗಬೇಕೆಂದು ಒಪ್ಪಂದ. 2024ರ ಅಕ್ಟೋಬರ್ 28ರಂದು ಆ ಕಾರ್ಖಾನೆಯ ಉದ್ಘಾಟನೆಗೆ ಸ್ಪೇನಿನ ಪ್ರಧಾನಿಯೂ ಬಂದಿದ್ದು, ನೀವೆಲ್ಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದು ನೆನಪಿರಬೇಕು.

ಸರಿ, ಈಗ ನನ್ನ ಎಡವಟ್ಟಿಗೆ ಬರುತ್ತೇನೆ.

2019ರ ಫೆಬ್ರವರಿ 26ರಂದು ಬಾಲಾಕೋಟ್ ದಾಳಿ. ಮರುದಿನ 27ರ ಬೆಳಿಗ್ಗೆ ಪಾಕಿಸ್ತಾನದ ವಿಮಾನಗಳು ಗಡಿಯತ್ತ ಬಂದವು, ಆಕಾಶದಲ್ಲಿ ಕಾಳಗವಾಯಿತು. ಶ್ರೀನಗರದ 51ನೇ ಸ್ಕ್ವಾಡ್ರನ್ನಿನ ಅಭಿನಂದನ್ ವರ್ಧಮಾನ್ ಅವರ ಮಿಗ್-21 ಬಿದ್ದು, ಅವರು ಸೆರೆಯಾಗಿ, ಮೂರನೇ ದಿನ ವಾಘಾ ಗಡಿಯಲ್ಲಿ ನಡೆದುಬಂದದ್ದನ್ನು ನಾವೆಲ್ಲ ಟಿ.ವಿ. ಮುಂದೆ ಕೂತು ನೋಡಿದೆವು. ಅವರು ಬೀಳುವ ಮುನ್ನ ಒಂದು ಎಫ್-16 ಉರುಳಿಸಿದರು ಎಂದು ವಾಯುಪಡೆ ಹೇಳಿತು, ನಮ್ಮ ಒಂದು ವಿಮಾನವೂ ಹೋಗಿಲ್ಲ ಎಂದು ಪಾಕಿಸ್ತಾನ ಹೇಳಿತು. ಆ ವಾದ ಇವತ್ತಿಗೂ ಮುಗಿದಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. 51ನೇ ಸ್ಕ್ವಾಡ್ರನ್ನಿನವರ ತೋಳಿನ ಮೇಲೆ ಹೊಸ ಪ್ಯಾಚು, ‘ಫಾಲ್ಕನ್ ಸ್ಲೇಯರ್ಸ್’. ಎಫ್-16ರ ಪೂರ್ತಿ ಹೆಸರು ಫೈಟಿಂಗ್ ಫಾಲ್ಕನ್, ಹಾಗಾಗಿ ಇವರು ಗಿಡುಗ ಸಂಹಾರಿಗಳು. ಸುಖೋಯ್-30ರವರದು ಇನ್ನೂ ಚುರುಕು, ‘ಆಮ್ರಾಮ್ ಡಾಡ್ಜರ್ಸ್’. ಆಮ್ರಾಮ್ ಅಂದರೆ ಎಫ್-16ರಿಂದ ಬಿಡುವ ಅಮೆರಿಕದ ಕ್ಷಿಪಣಿ. ಬೆನ್ನು ಹತ್ತಿ ಬಂದ ಆ ಕ್ಷಿಪಣಿಗಳಿಗೆ ಚಳ್ಳೆಹಣ್ಣು ತಿನ್ನಿಸಿ ತಪ್ಪಿಸಿಕೊಂಡವರು ನಾವು, ಎಂದು. ಕೊಂದೆವು ಅನ್ನುವುದಕ್ಕಿಂತ ತಪ್ಪಿಸಿಕೊಂಡೆವು ಅನ್ನುವುದರಲ್ಲಿ ನನಗೆ ಹೆಚ್ಚು ಹಾಸ್ಯ ಕಾಣುತ್ತದೆ. ಒಂದು ಸುಖೋಯ್ ಹೊಡೆದೆವು ಎಂದು ಪಾಕಿಸ್ತಾನ ಹೇಳಿಕೊಂಡಿತ್ತು. ಅಕ್ಟೋಬರ್ 8ರ ವಾಯುಪಡೆ ದಿನದಂದು, ‘ಸತ್ತ’ ಆ ವಿಮಾನವನ್ನೇ ಹಿಂಡನ್ ನೆಲೆಯ ಮೇಲೆ ಹಾರಿಸಿದರು. ಪ್ಯಾಚಿಗಿಂತ ದೊಡ್ಡ ತಮಾಷೆ ಅದು.

ನಾನಾಗ ಹೊಸಬ, ಇಪ್ಪತ್ತರ ಕೊನೆಯ ಬಿಸಿ. ಬೆಳಗಿನ ಸ್ಲಾಟಿನಲ್ಲಿ ಈ ಸುದ್ದಿ ತೆಗೆದುಕೊಂಡು ಕುಣಿದುಬಿಟ್ಟೆ. ಬಾಯಿ ತೊದಲಿ ‘ಆರಾಮ್ ಡಾಡ್ಜರ್ಸ್’ ಅಂದೆ, ಆರಾಮ ತಪ್ಪಿಸಿಕೊಂಡವರು! ಆ ತೊದಲನ್ನೇ ಜೋಕು ಮಾಡಿಕೊಂಡು ಅರ್ಧ ಗಂಟೆ ಎಳೆದೆ. ಗಿಡುಗದ ಕಬಾಬು, ಗಿಡುಗದ ಸುಕ್ಕಾ ಅಂತ ಏನೇನೋ ಹೇಳಿದೆ. ಕೇಳುಗರ ಮೆಸೇಜುಗಳು ಸುರಿದವು. ಎದೆಯುಬ್ಬಿಸಿ ಹೊರಬಂದೆ.

ಸ್ಲಾಟ್ ಮುಗಿದ ಮೇಲೆ ಸ್ಟುಡಿಯೋ ಫೋನು ಬಾರಿಸಿತು. ಗದಗಿನ ಕಡೆಯ ಹೆಣ್ಣು ದನಿ. ಅವರ ಯಜಮಾನರು ವಾಯುಪಡೆಯಲ್ಲಿ ಟೆಕ್ನಿಷಿಯನ್, ಮನೆ ಮಕರಪುರದ ಹತ್ತಿರ.

“ಅಣ್ಣಾರ, ಚೊಲೋ ನಗಸಿದ್ರಿ ಬಿಡ್ರಿ. ಒಂದ್ ಮಾತು ಕೇಳ್ಲೇನ್ರಿ?”

“ಕೇಳ್ರಿ ಅಕ್ಕಾರ” ಅಂದೆ, ಹೊಗಳಿಕೆಗೆ ಕಾಯುತ್ತ.

“ಅವತ್ತ ಮುಂಜಾನೆ ಬಡಗಾಮ್‌ದಾಗ ನಮ್ಮ ಹೆಲಿಕಾಪ್ಟರ್ ಬಿತ್ತಲ್ರಿ. ಆ ಆರ್ ಮಂದೀಗೆ ಯಾವ ಪ್ಯಾಚ್ ಹಾಕ್ತಾರ್ರೀ?”

ನನ್ನ ಬಳಿ ಉತ್ತರ ಇರಲಿಲ್ಲ. ಅವರು ಸಿಟ್ಟಿನಿಂದಲೂ ಕೇಳಿರಲಿಲ್ಲ. “ಏನಿಲ್ಲರಿ, ನೆನಪಾತು, ಅದಕ್ಕ ಕೇಳಿದೆ. ನೀವ್ ತಪ್ಪ ತಿಳ್ಕೊಬ್ಯಾಡ್ರಿ” ಅಂತ ಇಟ್ಟುಬಿಟ್ಟರು.

ಆ ಹೆಲಿಕಾಪ್ಟರ್ ಎಂಐ-17. ಅದೇ 27ರ ಬೆಳಿಗ್ಗೆ ಶ್ರೀನಗರದ ಹತ್ತಿರ ಬಡಗಾಮ್‌ನಲ್ಲಿ ಬಿತ್ತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ, ಒಟ್ಟು ಏಳು ಜೀವ. ಹೊಡೆದದ್ದು ಶತ್ರುವಲ್ಲ, ನಮ್ಮದೇ ಕ್ಷಿಪಣಿ. 2019ರ ಅಕ್ಟೋಬರಿನಲ್ಲಿ ಆಗಷ್ಟೇ ವಾಯುಪಡೆಯ ಮುಖ್ಯಸ್ಥರಾಗಿದ್ದ ಭದೌರಿಯಾ ಅವರು, ಅದು ನಮ್ಮಿಂದಾದ ದೊಡ್ಡ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡರು. ಒಂದೇ ಬೆಳಗು, ಒಂದೇ ಆಕಾಶ. ಒಂದು ಪಾಲಿಗೆ ಪ್ಯಾಚು ಬಂತು, ಇನ್ನೊಂದು ಪಾಲಿಗೆ ವಿಚಾರಣೆಯ ಕಡತ.

ಪ್ಯಾಚು ಹಾಕಿಕೊಂಡ ಪೈಲಟ್ಟುಗಳನ್ನು ನಾನು ದೂರುತ್ತಿಲ್ಲ. ಅವರು ಅಲ್ಲಿದ್ದವರು, ಕ್ಷಿಪಣಿ ಅವರ ಬೆನ್ನ ಹಿಂದೆಯೇ ಬಂದಿತ್ತು. ಅವರಿಗೆ ನಗುವ ಹಕ್ಕಿದೆ. ಎಸಿ ಸ್ಟುಡಿಯೋದಲ್ಲಿ ಕೂತು ಕಬಾಬು ಹುರಿದ ನನಗೆ ಏನು ಹಕ್ಕಿತ್ತು ಅನ್ನುವುದು ಪ್ರಶ್ನೆ. ಸಿಪಾಯಿಯ ತೋಳಿನಿಂದ ಕಿತ್ತು ನಮ್ಮಂಥವರ ಟೀ ಶರ್ಟಿಗೆ, ಕಾಫಿ ಮಗ್ಗಿಗೆ, ಮೈಕಿಗೆ ಬಂದ ಕೂಡಲೇ ಅದೇ ಜೋಕು ಬೇರೆಯದೇ ಆಗಿಬಿಡುತ್ತದೆ. ಆಚೆ ಕಡೆಯೂ ಇದೇ ಕಥೆ. ಅಭಿನಂದನ್ ಸೆರೆಯಲ್ಲಿ ಚಹಾ ಕುಡಿಯುತ್ತ ಆಡಿದ ಒಂದು ಮಾತನ್ನು ಹಿಡಿದುಕೊಂಡು, ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಅವರ ಗೊಂಬೆಯನ್ನೂ ಒಂದು ಚಹಾ ಕಪ್ಪನ್ನೂ ಇಟ್ಟು ಪ್ರದರ್ಶನ ಮಾಡಿದರು. ಟಿಕೆಟ್ ಕೊಂಡು ನೋಡಿ ನಕ್ಕವರಲ್ಲಿ ಎಷ್ಟು ಜನ ವಿಮಾನ ಹತ್ತಿದ್ದರೋ!

ಆ ಫೋನಿನ ನಂತರ ನನ್ನ ತಲೆಗೆ ಹತ್ತಿದ್ದು ಇನ್ನೊಂದು ಹೆಸರು. ಕೊಡಗಿನ ಅಜ್ಜಮಾಡ ಬಿ. ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಹೊರಟ 1ನೇ ಸ್ಕ್ವಾಡ್ರನ್, ‘ಟೈಗರ್ಸ್’, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿತು. ದೇವಯ್ಯ ಅಂದು ಕಾಯ್ದಿರಿಸಿದ ಪೈಲಟ್. ಕೊನೆಗೆ ಅವರೂ ಹೋದರು. ಅವರದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಬೆನ್ನು ಹತ್ತಿದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಎಫ್-104 ಸ್ಟಾರ್‌ಫೈಟರ್. ಎತ್ತಿನಗಾಡಿಯನ್ನು ಎಕ್ಸ್‌ಪ್ರೆಸ್ ರೈಲು ಅಟ್ಟಿಸಿದ ಹಾಗೆ ಅನ್ನಿ. ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದರು, ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಆ ಪೈಲಟ್ ಹೊರಗೆ ಜಿಗಿದು ಬದುಕಿದ. ದೇವಯ್ಯ ಮರಳಲಿಲ್ಲ.

ಇದನ್ನು ಕಂಡು ಬಂದು ಹೇಳಲು ನಮ್ಮವರು ಯಾರೂ ಅಲ್ಲಿರಲಿಲ್ಲ. ಕಾಗದದ ಮೇಲೆ ದೇವಯ್ಯ ‘ಕಾಣೆಯಾದವರು’. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಅಲ್ಲಿಯವರ ಸಹಕಾರದಿಂದಲೇ ಬರೆದ ಪುಸ್ತಕದಲ್ಲಿ ಆ ಸ್ಟಾರ್‌ಫೈಟರ್ ಹೇಗೆ ಬಿತ್ತೆಂಬ ವಿವರ ಬಂತು. ಆಗ ಇಲ್ಲಿ ಲೆಕ್ಕ ಹಾಕಿ ನೋಡಿದರು, ಅದು ದೇವಯ್ಯನವರಲ್ಲದೆ ಇನ್ನಾರೂ ಆಗಿರಲು ಸಾಧ್ಯವಿಲ್ಲ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ. ಇಪ್ಪತ್ತಮೂರು ವರ್ಷ! ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, 2025ರ ಜನವರಿಯಲ್ಲಿ ಬಂದ ‘ಸ್ಕೈ ಫೋರ್ಸ್’ ಹಿಂದಿ ಸಿನಿಮಾಕ್ಕೂ ಅವರ ಕಥೆಯೇ ಮೂಲ. 2019ರಲ್ಲಿ ಮೂರೇ ತಿಂಗಳಿಗೆ ‘ಸ್ಲೇಯರ್ಸ್’ ಎಂಬ ಪ್ಯಾಚು ಬಂತು. 1965ರಲ್ಲಿ ಅದಕ್ಕೆ ಸಮನಾದ ಕೆಲಸ ಮಾಡಿದ ಕೊಡಗಿನವರ ಸಾಕ್ಷಿಯನ್ನು ಶತ್ರುವಿನ ಕಡೆಯ ಪುಸ್ತಕ ಹೇಳಬೇಕಾಯಿತು.

ಅಂದ ಹಾಗೆ ಮಿಗ್-21 ಈಗ ಇಲ್ಲ. 51ನೇ ಸ್ಕ್ವಾಡ್ರನ್ 2022ರ ಸೆಪ್ಟೆಂಬರಿನಲ್ಲಿ ಮುಚ್ಚಿತು, ಮಿಗ್-21 ವಿಮಾನಗಳೆಲ್ಲ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಸಲಾಮು ಹೊಡೆದವು. ಗಿಡುಗ ಸಂಹಾರಿಗಳ ಪ್ಯಾಚು ಈಗ ಯಾರದೋ ಪೆಟ್ಟಿಗೆಯಲ್ಲಿ, ಯಾವುದೋ ಗಾಜಿನ ಚೌಕಟ್ಟಿನಲ್ಲಿ ಇರಬೇಕು.

ಹಾಗಾದರೆ ನಮ್ಮ ಹಾಸನದ ಕೇಳುಗರ ಪ್ರಶ್ನೆಗೆ ಉತ್ತರ? ಬಿಡುತ್ತಾರೆ, ಒಂದು ಮಿತಿಯವರೆಗೆ. ಆ ಮಿತಿ ದೇಶದಿಂದ ದೇಶಕ್ಕೆ, ಸಾಹೇಬರಿಂದ ಸಾಹೇಬರಿಗೆ ಬದಲಾಗುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಭೂಸೇನೆಯ ಮುಖ್ಯಸ್ಥರು ತಲೆಬುರುಡೆ, ಯಮದೂತ ಇಂಥ ಸಾವಿನ ಚಿಹ್ನೆಗಳನ್ನೆಲ್ಲ ನಿಷೇಧಿಸಿದರು. ನಾವು ಕೊಲ್ಲುವುದನ್ನು ಮೆರೆಸುವವರಲ್ಲ ಎಂಬುದು ಅವರ ವಾದ. ಕೆಲವು ಸೈನಿಕರಿಗೆ ಸಿಟ್ಟು ಬಂತು, ನನಗೆ ಅವರ ಮಾತು ಸರಿ ಅನ್ನಿಸುತ್ತದೆ. 2020ರಲ್ಲಿ ಅಮೆರಿಕದ ಡ್ರೋನ್ ಪಡೆಯವರ ಪ್ಯಾಚಿನಲ್ಲಿ ಚೀನಾದ ನಕ್ಷೆ ಕೆಂಪಾಗಿ ಕಂಡದ್ದಕ್ಕೆ ಬೀಜಿಂಗಿನ ಪತ್ರಿಕೆ ಕೆಂಡ ಕಾರಿತು. 2023ರ ಏಪ್ರಿಲ್‌ನಲ್ಲಿ ತೈವಾನ್ ಪೈಲಟ್ಟೊಬ್ಬರ ತೋಳಿನ ಮೇಲೆ ಅಲ್ಲಿಯ ಕಪ್ಪು ಕರಡಿ, ವಿನ್ನಿ ದ ಪೂ ಎಂಬ ಕಾರ್ಟೂನ್ ಕರಡಿಯ ಮುಖಕ್ಕೆ ಗುದ್ದುವ ಚಿತ್ರ ಕಾಣಿಸಿಕೊಂಡಿತು. ಆ ಪೂ ಹೆಸರಿನಲ್ಲಿ ಚೀನಾದ ಅಧ್ಯಕ್ಷರನ್ನು ಅಣಕಿಸುವುದು ರೂಢಿ. ಸುತ್ತ ಚೀನಾದ ಯುದ್ಧವಿಮಾನ ಸುತ್ತುತ್ತಿದ್ದ ದಿನಗಳವು. ಪುಟ್ಟ ದ್ವೀಪದವರು ದೊಡ್ಡಣ್ಣನಿಗೆ ಗುದ್ದಿದ ಆ ಪ್ಯಾಚು ಅಂಗಡಿಗಳಲ್ಲಿ ಖಾಲಿಯಾಯಿತು. ಸಣ್ಣವನು ದೊಡ್ಡವನನ್ನು ನೋಡಿ ನಕ್ಕರೆ ಒಂದು ರುಚಿ, ದೊಡ್ಡವನು ಸಣ್ಣವನನ್ನು ನೋಡಿ ನಕ್ಕರೆ ಇನ್ನೊಂದು.

ನೀವು ಇಂಥದನ್ನು ಕೊಂಡು ಹಾಕಿಕೊಳ್ಳಬಹುದೇ ಎಂದೂ ಕೆಲವರು ಕೇಳಿದ್ದೀರಿ. ತಮಾಷೆ ಪ್ಯಾಚು ಬ್ಯಾಗಿಗೆ ಹಾಕಿದರೆ ಯಾರೂ ಹಿಡಿಯುವುದಿಲ್ಲ. ಆದರೆ ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನ್ಯದ ಉಡುಪನ್ನೋ ಗುರುತನ್ನೋ ಧರಿಸುವುದು ಅಪರಾಧ. ಹಿಂದೆ ದಂಡಸಂಹಿತೆಯ 140ನೇ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 168. ಮೂರು ತಿಂಗಳವರೆಗೆ ಜೈಲು ಆಗಬಹುದು. ಧೋನಿಯನ್ನು ನೆನೆಸಿಕೊಳ್ಳಿ. ಅವರು ಪ್ಯಾರಾಚೂಟ್ ಪಡೆಯ ಗೌರವ ಲೆಫ್ಟಿನೆಂಟ್ ಕರ್ನಲ್. ಆದರೂ 2019ರ ವಿಶ್ವಕಪ್ಪಿನಲ್ಲಿ ಕೀಪಿಂಗ್ ಗ್ಲೌಸಿನ ಮೇಲೆ ‘ಬಲಿದಾನ್’ ಚಿಹ್ನೆ ಹಾಕಿದ್ದಕ್ಕೆ ಐಸಿಸಿ ಒಪ್ಪಲಿಲ್ಲ, ತೆಗೆಯಬೇಕಾಯಿತು. ಅದು ತಮಾಷೆಯದಲ್ಲ, ಪ್ಯಾರಾ ವಿಶೇಷ ಪಡೆಯವರು ರಕ್ತ ಬಸಿದು ಗಳಿಸುವ ಬ್ಯಾಡ್ಜು. ಅದನ್ನು ಬೈಕಿನ ಟ್ಯಾಂಕಿಗೆ ಸ್ಟಿಕರ್ ಮಾಡಿ ಅಂಟಿಸಿಕೊಂಡು ಅಲ್ಕಾಪುರಿಯಲ್ಲಿ ವೀಲಿ ಹೊಡೆಯುವ ತಮ್ಮಂದಿರಿಗೆ ಇದನ್ನು ಯಾರಾದರೂ ಓದಿ ಹೇಳಿ.

ಕಳೆದ ಶನಿವಾರ ಸುಮ್ಮನಿರಲಾರದೆ ಆ ಟೈಲರ್ ಅಂಗಡಿ ಹುಡುಕಿಕೊಂಡು ಹೋದೆ. ಸಿಕ್ಕಿತು. ಟೈಲರ್ ಕಾಕಾ ವಯಸ್ಸಾದವರು, ಗೋಡೆಯ ತುಂಬ ಹೆಸರಿನ ಪಟ್ಟಿಗಳ ನಮೂನೆ. ಪ್ಯಾಚಿನ ಕಸೂತಿ ಸೂರತ್ತಿನಲ್ಲಿ ಮಾಡಿಸುತ್ತಾರಂತೆ, ವೆಲ್ಕ್ರೋ ಹಚ್ಚುವುದು ಇವರು. ಯಾವ ಆರ್ಡರ್ ಬಂದರೂ ಒಂದು ಹೆಚ್ಚಿಗೆ ಹೊಡೆಸಿ, ಸ್ಯಾಂಪಲ್ ಎಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿಡುತ್ತಾರೆ. ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದರು. ಗೂಬೆ ಇತ್ತು, ಟೀ ಕೆಟಲ್ ಇತ್ತು, ಗೊರಕೆ ಹೊಡೆಯುವ ಹುಲಿ ಇತ್ತು. ಕತ್ತೆ ಮಾತ್ರ ಇರಲಿಲ್ಲ.

“ಹನ್ನೆರಡು ಹೇಳಿದ್ದ, ಹನ್ನೆರಡು ಕೊಟ್ಟೆ” ಅಂದರು ಕಾಕಾ. “ಮರುದಿನ ಮತ್ತೆ ಬಂದು ಸ್ಯಾಂಪಲ್ಲೂ ಬೇಕು ಅಂದ. ಕೊಡಲ್ಲ ಅಂದೆ. ಅವರ ಬ್ಯಾಚಿನಲ್ಲಿ ಹದಿಮೂರನೆಯವನು ಒಬ್ಬನಿದ್ದನಂತೆ. ಈಗಿಲ್ಲವಂತೆ. ಅವನ ಮನೆಗೆ ಕಳಿಸಬೇಕು ಅಂದ.”

ದುಡ್ಡು ತಗೊಂಡಿರಾ ಎಂದು ನಾನು ಕೇಳಲಿಲ್ಲ.